ಮಲ್ಲೇಶ್ವರದ ನಮ್ಮ ಅರ್ಧ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ನಮ್ಮ ಮನೆ ಇದೆ. ಬೆಳಗ್ಗೆ ವಾಕಿಂಗ್ ಬರುವವರು ಗೇಟಿನ ಹತ್ತಿರ ನಿಂತು ಫೋಟೋ ತೆಗೆಯುತ್ತಾರೆ. ಹಬ್ಬಕ್ಕೆ ಬರುವ ನೆಂಟರ ಮಕ್ಕಳು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಾರೆ. ಹೊರದೇಶದಲ್ಲಿರುವ ನಮ್ಮ ಚಿಕ್ಕಪ್ಪನ ಮೊಮ್ಮಗಳಂತೂ ವಾಟ್ಸಾಪಿನಲ್ಲಿ ವಾರಕ್ಕೊಂದು ಪ್ರಶ್ನೆ ಕಳಿಸುತ್ತಾಳೆ. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲಿ ಅಂತ ಇದನ್ನು ಬರೆದಿದ್ದೇನೆ. ಅಜ್ಜಿ ಹೇಳಿದ್ದು, ಅಪ್ಪ ಹೇಳಿದ್ದು, ಟ್ರಂಕಿನಲ್ಲಿದ್ದ ಕಾಗದಪತ್ರ ಹೇಳಿದ್ದು ಎಲ್ಲ ಇಲ್ಲಿದೆ.

ಮನೆ ಮುಂದೆ ಮೇಲುಗಡೆ ಬರೀ "19" ಅಂತ ಇದೆಯಲ್ಲ, ಅದು ಮನೆ ನಂಬರಾ?

ಅಲ್ಲ. ಅದು ಅರ್ಧ ಇಸವಿ. ಪೂರ್ತಿ ಇದ್ದಾಗ ಅಲ್ಲಿ "1924" ಅಂತ ಇತ್ತು. ಅದರ ಕೆಳಗೆ ಗಾರೆಯಲ್ಲಿ ಉಬ್ಬಿಸಿದ ಅಕ್ಷರಗಳಲ್ಲಿ "ಲಕ್ಷ್ಮೀ ನಿವಾಸ" ಅಂತ ಇತ್ತು. 1958ರಲ್ಲಿ ನಮ್ಮ ತಾತ ಮತ್ತು ಚಿಕ್ಕತಾತ ಪಾಲು ಮಾಡಿಕೊಂಡರು. ಮನೆಯ ನಟ್ಟನಡುವೆ ಗೋಡೆ ಎದ್ದಿತು. ಆಗ ಒಳಗೆ ಮಾತ್ರ ಎರಡಾಯಿತು, ಹೊರಗಿನಿಂದ ನೋಡಿದರೆ ಒಂದೇ ಮನೆ. 1994ರಲ್ಲಿ ಚಿಕ್ಕತಾತನ ಮಕ್ಕಳು ತಮ್ಮ ಭಾಗ ಮಾರಿದರು. ಕೊಂಡವರು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರು. ಎಡಗಡೆಯ "19" ಮತ್ತು "ಲಕ್ಷ್ಮೀ" ನಮ್ಮ ಕಡೆ ಉಳಿದವು. "24" ಮತ್ತು "ನಿವಾಸ" ಇಟ್ಟಿಗೆ ಚೂರಿನ ಜೊತೆ ಲಾರಿ ಹತ್ತಿ ಹೋದವು.

ಆ ದಿನ ಅಪ್ಪ ರಸ್ತೆಯಲ್ಲಿ ನಿಂತು ನೋಡುತ್ತಿದ್ದರು. ಮೇಸ್ತ್ರಿಯ ಹತ್ತಿರ ಹೋಗಿ, "ಆ ಎರಡು ಅಂಕಿ ಒಡೆಯದೆ ಇಳಿಸಿಕೊಡ್ತೀರಾ" ಅಂತ ಕೇಳಿದರಂತೆ. ಆತ ಪ್ರಯತ್ನವನ್ನೂ ಮಾಡಿದ. ಆದರೆ ಸುಣ್ಣದ ಗಾರೆ ಗೋಡೆಯನ್ನು ಬಿಟ್ಟು ಬರುವುದಿಲ್ಲ. ನಾಲ್ಕರ ಬಾಲ ಮಾತ್ರ ಸಿಕ್ಕಿತು. ಅದು ಈಗ ದೇವರ ಮನೆಯ ಗೂಡಿನಲ್ಲಿದೆ.

ಹಾಗಾದರೆ ಮನೆಗೆ ಸರಿಯಾಗಿ ಎಷ್ಟು ವರ್ಷ?

ಗೃಹಪ್ರವೇಶ ಆದದ್ದು ರಕ್ತಾಕ್ಷಿ ಸಂವತ್ಸರದ ವೈಶಾಖದಲ್ಲಿ. ಅಂದರೆ 1924ರ ಮೇ ತಿಂಗಳ ಸುಮಾರಿಗೆ. ನೂರು ವರ್ಷ ದಾಟಿದೆ. ಜಾಗ ಕೊಂಡದ್ದು ಅದಕ್ಕೂ ನಾಲ್ಕು ವರ್ಷ ಮೊದಲು.

ಅಟ್ಟ ಹತ್ತಿ ನೋಡಿದೆ, ಹೆಂಚಿನ ಮೇಲೆ 1865 ಅಂತ ಇದೆ. ಮನೆ ಅಷ್ಟು ಹಳೇದಲ್ವಾ?

ಈ ಪ್ರಶ್ನೆ ತುಂಬಾ ಜನ ಕೇಳುತ್ತಾರೆ. ಎಷ್ಟೋ ಮನೆಗಳಲ್ಲಿ ಇದೇ ಅಂಕಿ ನೋಡಿ "ನಮ್ಮ ಮನೆ 1865ರದ್ದು" ಅಂತ ನಂಬಿರುತ್ತಾರೆ. 1865 ಅನ್ನುವುದು ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆ ಇಸವಿಯನ್ನು ಅವರು ಗುರುತಿನ ಹಾಗೆ ಹೆಂಚಿನ ಮೇಲೆ ಒತ್ತುತ್ತಿದ್ದರು. ಹೆಂಚು ಸುಟ್ಟ ವರ್ಷಕ್ಕೂ ಅದಕ್ಕೂ ಸಂಬಂಧವಿಲ್ಲ.

ನಮ್ಮ ಮಾಡಿನಲ್ಲಿ ಎರಡು ತರಹದ ಹೆಂಚು ಇವೆ. ಕೆಲವು ಬಾಸೆಲ್ ಮಿಷನ್‌ನವು, ಕೆಲವು ಕಾಮನ್‌ವೆಲ್ತ್ ಅಂತ ಒತ್ತಿದವು. ಮೊದಲ ಮಹಾಯುದ್ಧದ ಸಮಯದಲ್ಲಿ ಬಾಸೆಲ್ ಮಿಷನ್‌ನ ಕಾರ್ಖಾನೆಗಳು ಅವರ ಕೈತಪ್ಪಿದವು. ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್‌ನವರು ನಡೆಸಿದರು. ಹಾಗಾಗಿ 1924ರ ಮನೆಗೆ ಕಾಮನ್‌ವೆಲ್ತ್ ಹೆಂಚು ಸರಿಹೊಂದುತ್ತದೆ. ಹಳೆಯವು ಎಲ್ಲಿಂದ ಬಂದವು ಅಂದರೆ, ಬಳೇಪೇಟೆಯ ನಮ್ಮ ಹಳೇ ಮನೆಯಿಂದ. ಅದನ್ನು ಬಿಟ್ಟು ಬರುವಾಗ ಮುತ್ತಾತ ಗಾಡಿಯಲ್ಲಿ ಹೆಂಚು ಹೇರಿಸಿಕೊಂಡು ಬಂದಿದ್ದರು. ಅದು ಅವರ ಖರ್ಚಿನ ಪುಸ್ತಕದಲ್ಲಿ ಇದೆ: "ಹಳೇ ಹೆಂಚು ಸಾಗಿಸಿದ ಗಾಡಿ ಬಾಡಿಗೆ." ಒಂದು ಮನೆಯ ಹೆಂಚು ಇನ್ನೊಂದು ಮನೆಯ ತಲೆ ಮೇಲೆ ಕೂತಿದೆ. ನನಗೆ ಈ ಮನೆಯಲ್ಲಿ ತುಂಬಾ ಇಷ್ಟವಾದ ಸಂಗತಿಗಳಲ್ಲಿ ಇದೂ ಒಂದು.

ಮಲ್ಲೇಶ್ವರ ಶುರುವಾಗಿದ್ದೇ ಪ್ಲೇಗಿನಿಂದ ಅಂತಾರೆ. ನಿಜವಾ?

ಬಹುಮಟ್ಟಿಗೆ ನಿಜ. ಆದರೆ ಊರಿಗೆ ಹೊಸ ಬಡಾವಣೆ ಬೇಕು ಅನ್ನುವ ಯೋಚನೆ ಪ್ಲೇಗಿಗಿಂತ ಮೊದಲೇ ಇತ್ತು. ಕೋಟೆಯ ಪಕ್ಕದ ಚಾಮರಾಜಪೇಟೆ 1892ರಲ್ಲೇ ಶುರುವಾಗಿತ್ತು. ಹಳೇ ಪೇಟೆಯಲ್ಲಿ ಜನ ಜಾಸ್ತಿ, ಗಾಳಿ ಬೆಳಕು ಕಡಿಮೆ, ಚರಂಡಿ ಸರಿ ಇಲ್ಲ. ಇದೆಲ್ಲ ಅಧಿಕಾರಿಗಳಿಗೆ ಗೊತ್ತಿತ್ತು.

ಮುಂಬೈಗೆ 1896ರಲ್ಲಿ ಬಂದ ಪ್ಲೇಗು 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ರೈಲಿನ ದಾರಿ ಹಿಡಿದೇ ಬಂತು. ಪೇಟೆಯ ಕಿರಿದಾದ ಬೀದಿಗಳಲ್ಲಿ ಸಾವಿರಾರು ಜನ ಸತ್ತರು. ಆಗ ಮುತ್ತಾತನಿಗೆ ಎಂಟು ವರ್ಷ. ಅವರು ಅಪ್ಪನಿಗೆ ಹೇಳುತ್ತಿದ್ದ ಒಂದು ಮಾತು ಇದೆ. ಬೆಳಗ್ಗೆ ಎದ್ದ ತಕ್ಷಣ ಅವರ ತಾಯಿ ಮೊದಲು ನೋಡುತ್ತಿದ್ದದ್ದು ದೇವರ ಮುಖ ಅಲ್ಲ, ಅಡುಗೆಮನೆಯ ಮೂಲೆ. ಅಲ್ಲಿ ಇಲಿ ಸತ್ತು ಬಿದ್ದಿದೆಯಾ ಅಂತ. ಇಲಿ ಬಿದ್ದರೆ ಮನೆ ಖಾಲಿ ಮಾಡಬೇಕು. ಒಂದು ದಿನ ಬಿತ್ತು. ಪಾತ್ರೆ, ಚಾಪೆ, ದೇವರ ಪೆಟ್ಟಿಗೆ ಹೊತ್ತುಕೊಂಡು ಊರಾಚೆಯ ಜೋಪಡಿಗೆ ಹೋದರು. ಅಲ್ಲಿಂದ ತಿರುಗಿ ಬರುವಾಗ ಮುತ್ತಾತನ ತಂಗಿ ಇರಲಿಲ್ಲ.

ಆ ಹೊತ್ತಿನಲ್ಲಿ ಮೈಸೂರನ್ನು ಆಳುತ್ತಿದ್ದವರು ರಾಜಮಾತೆ ವಾಣಿವಿಲಾಸ ಸನ್ನಿಧಾನ. ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಚಿಕ್ಕವರು. ಶೇಷಾದ್ರಿ ಅಯ್ಯರ್ ದಿವಾನರು. ಪೇಟೆಯ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ, ಹೀಗೆ ಎರಡು ದೊಡ್ಡ ಬಡಾವಣೆಗಳ ಕೆಲಸ ಆಗ ಚುರುಕಾಯಿತು. ನೇರ ರಸ್ತೆ, ಅದಕ್ಕೆ ಅಡ್ಡರಸ್ತೆ, ಮನೆಯ ಸುತ್ತ ಖಾಲಿ ಜಾಗ, ಹಿಂದೆ ಗಲ್ಲಿ. ಪೇಟೆಯಲ್ಲಿ ಏನೇನು ಇರಲಿಲ್ಲವೋ ಅದೆಲ್ಲ ಇಲ್ಲಿ ಇರಬೇಕು ಅನ್ನುವ ಲೆಕ್ಕ.

ಅಂದರೆ ಯಾರು ಬೇಕಾದರೂ ಇಲ್ಲಿ ಜಾಗ ತಗೋಬಹುದಿತ್ತಾ?

ಇಲ್ಲ. ಈ ಮಾತನ್ನು ಮನೆಯವರಲ್ಲಿ ಕೆಲವರು ಹೇಳುವುದು ಬೇಡ ಅಂದರು. ಹೇಳಲೇಬೇಕು ಅಂತ ನನ್ನ ಅಭಿಪ್ರಾಯ. ಬಡಾವಣೆಯನ್ನು ಬ್ಲಾಕುಗಳಾಗಿ ಮಾಡಿ, ಯಾವ ಜಾತಿಯವರಿಗೆ, ಯಾವ ಧರ್ಮದವರಿಗೆ ಯಾವ ಬ್ಲಾಕು ಅಂತ ಹಂಚಿದ್ದರು. ಪ್ಲೇಗಿನ ಹುಳಕ್ಕೆ ಜಾತಿ ಗೊತ್ತಿರಲಿಲ್ಲ. ನಕ್ಷೆ ಬರೆದವರಿಗೆ ಗೊತ್ತಿತ್ತು. ಸರ್ಕಾರಿ ಕಚೇರಿಯ ಗುಮಾಸ್ತರಾಗಿದ್ದ ನಮ್ಮ ಮುತ್ತಾತನಿಗೆ ಒಳ್ಳೆಯ ಕಡೆ ಜಾಗ ಸಿಕ್ಕಿತು ಅಂದರೆ ಅವರ ದುಡಿಮೆ ಒಂದೇ ಅದಕ್ಕೆ ಕಾರಣ ಅಲ್ಲ.

ಮಲ್ಲೇಶ್ವರ ಅನ್ನೋ ಹೆಸರು ಎಲ್ಲಿಂದ ಬಂತು?

ಕಾಡು ಮಲ್ಲೇಶ್ವರ ದೇವಸ್ಥಾನದಿಂದ. ಅಲ್ಲಿ 1669ರ ಶಾಸನ ಇದೆ. ಶಿವಾಜಿಯ ಮಲತಮ್ಮ ಏಕೋಜಿ ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಒಂದು ಹಳ್ಳಿಯನ್ನು ದಾನ ಕೊಟ್ಟ ವಿಷಯ ಅದರಲ್ಲಿದೆ. ಬಡಾವಣೆ ಬರುವ ಮೊದಲು ಇದು ನಿಜವಾಗಿಯೂ ಕಾಡೇ. ಅಜ್ಜಿ ಮದುವೆಯಾಗಿ ಬಂದದ್ದು 1941ರಲ್ಲಿ. ಆಗಲೂ ಸ್ಯಾಂಕಿ ಕೆರೆಯ ಕಡೆಯಿಂದ ರಾತ್ರಿ ನರಿ ಕೂಗು ಕೇಳುತ್ತಿತ್ತಂತೆ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಅನ್ನುವ ಹೆಸರುಗಳು ಮರಗಳಿಂದ ಬಂದವು. ಮಾರ್ಗೋಸಾ ಅಂದರೆ ನಮ್ಮ ಬೇವು.

ಜಾಗ ತಗೊಳ್ಳೋಕೆ, ಮನೆ ಕಟ್ಟೋಕೆ ದುಡ್ಡು ಎಲ್ಲಿಂದ ಬಂತು?

ನಾನು ಚಿಕ್ಕವನಿದ್ದಾಗ ಕೇಳಿದ ಕಥೆ ಹೀಗಿತ್ತು: "ಮುತ್ತಾತ ಒಂದೊಂದು ಕಾಸೂ ಕೂಡಿಟ್ಟು ಈ ಮನೆ ಕಟ್ಟಿದರು." ಹಜಾರದಲ್ಲಿ ಅವರ ದೊಡ್ಡ ಫೋಟೋ ಇದೆ. ಪೇಟ, ಕರೀ ಕೋಟು, ಕೈಯಲ್ಲಿ ಬೆತ್ತ. ಕ್ರಯಪತ್ರದಲ್ಲಿ ಅವರ ಹೆಸರಿದೆ. ಖಾತೆ, ಕಂದಾಯದ ರಸೀತಿ, ಎಲ್ಲದರಲ್ಲೂ ಅವರ ಹೆಸರೇ.

ಹತ್ತು ವರ್ಷದ ಹಿಂದೆ ಅಟ್ಟದ ಟ್ರಂಕಿನಲ್ಲಿ ಅವರ ಖರ್ಚಿನ ಪುಸ್ತಕ ಸಿಕ್ಕಿತು. ಉದ್ದನೆಯ ಪುಸ್ತಕ, ಬಟ್ಟೆಯ ಬೈಂಡು. ಒಳಗೆ ಇದ್ದಿಲಿನಷ್ಟು ಕಪ್ಪು ಮಸಿಯಲ್ಲಿ ಸಣ್ಣ ಅಕ್ಷರ. ಜಾಗ ಕೊಂಡ ತಿಂಗಳ ಪುಟದಲ್ಲಿ ಎಡಗಡೆ ಜಮಾ, ಬಲಗಡೆ ಖರ್ಚು. ಜಮಾದ ಕಡೆ ಮೂರು ಸಾಲು:

"ಡಾಬು 1. ವಂಕಿ ಜೊತೆ 1. ಜಡೆಬಿಲ್ಲೆ 1. ಚಿಕ್ಕಪೇಟೆ ಚಿನಿವಾರರಿಗೆ ಕೊಟ್ಟು ಬಂದದ್ದು."

ಅಷ್ಟೇ. ಪಕ್ಕದಲ್ಲಿ ಮೊತ್ತ. ಜಾಗಕ್ಕೆ ಕೊಟ್ಟ ಹಣದ ಮುಕ್ಕಾಲು ಭಾಗ ಅದರಿಂದಲೇ ಬಂದಿದೆ. ಮುಂದೆ 1923ರಲ್ಲಿ ಮರದ ಕೆಲಸ ನಿಂತುಹೋದಾಗ ಇನ್ನೊಂದು ಸಾಲು: "ಬೆಂಡೋಲೆ ಅಡವು." ಅದನ್ನು ಬಿಡಿಸಿಕೊಂಡ ಸಾಲು ಪುಸ್ತಕದ ಕೊನೆಯವರೆಗೂ ಇಲ್ಲ. ನಾನು ಎರಡು ಸಲ ಹುಡುಕಿದ್ದೇನೆ.

ಇವೆಲ್ಲ ಮುತ್ತಜ್ಜಿಯ ಒಡವೆಗಳು. ತವರಿನಿಂದ ಬಂದವು. ಈ ಮನೆ ಯಾರು ಕಟ್ಟಿದ್ದು ಅಂತ ನನ್ನನ್ನು ಕೇಳಿದರೆ ನಾನು ಈಗ ಇಬ್ಬರ ಹೆಸರು ಹೇಳುತ್ತೇನೆ. ಮನೆಯ ಮಕ್ಕಳಿಗೂ ಹಾಗೇ ಹೇಳಿಕೊಡುತ್ತಿದ್ದೇವೆ.

ಮುತ್ತಜ್ಜಿಯ ಹೆಸರು ಯಾವ ಕಾಗದದಲ್ಲೂ ಇಲ್ವಾ?

ಒಂದರಲ್ಲಿ ಇದೆ. ಮುತ್ತಾತ ಹೋದದ್ದು 1951ರಲ್ಲಿ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಬಂದಿತ್ತು. ಅದು ವಿಧವೆಗೂ ಪಾಲಿನಲ್ಲಿ ಹಕ್ಕು ಕೊಟ್ಟಿತ್ತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಇಡೀ ದೇಶಕ್ಕೆ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ. ಹಾಗಾಗಿ 1958ರ ವಿಭಾಗ ಪತ್ರ ಬರೆಯುವಾಗ ಮುತ್ತಜ್ಜಿಯನ್ನೂ ಕೂರಿಸಿಕೊಂಡರು.

ಆ ಪತ್ರದಲ್ಲಿ ಅವರ ಪಾಲು ಬಿಟ್ಟುಕೊಟ್ಟ ಮಾತಿದೆ. ಇಬ್ಬರು ಗಂಡುಮಕ್ಕಳಿಗೆ ಮನೆ ಸಮ ಸಮ. ತಾಯಿಗೆ ತಿಂಗಳಿಗೆ ಇಷ್ಟು ಅಂತ ಹಣ, ಮತ್ತು "ಅಡುಗೆಮನೆ ಪಕ್ಕದ ಕೋಣೆಯಲ್ಲಿ ಜೀವ ಇರುವವರೆಗೆ ವಾಸದ ಹಕ್ಕು." ಕೆಳಗೆ ಅವರ ರುಜು. ಅಕ್ಷರ ಕಲಿತವರಲ್ಲ ಅಂತ ಎಲ್ಲರೂ ಅಂದುಕೊಂಡಿದ್ದೆವು. ಆದರೆ ಅಲ್ಲಿ ಹೆಬ್ಬೆಟ್ಟಿನ ಗುರುತಿಲ್ಲ. ದುಂಡಗಿನ, ಒಂದಕ್ಕೊಂದು ತಾಗದ, ಬಿಡಿ ಬಿಡಿ ಕನ್ನಡ ಅಕ್ಷರಗಳಿವೆ. ಕೊನೆಯ ಅಕ್ಷರದ ಒತ್ತಿನ ಮೇಲೆ ಮಸಿ ಗುಂಡಗೆ ನಿಂತಿದೆ. ಪೆನ್ನು ಅಲ್ಲಿ ಸ್ವಲ್ಪ ಹೊತ್ತು ತಡೆದಿರಬೇಕು.

ತಾತನ ಇಬ್ಬರು ಅಕ್ಕಂದಿರ ಹೆಸರು ಆ ಪತ್ರದಲ್ಲಿ ಇಲ್ಲ.

ಮನೆ ಒಳಗೆ ಮೊದಲು ಹೇಗಿತ್ತು?

ರಸ್ತೆಯಿಂದ ನಾಲ್ಕು ಮೆಟ್ಟಿಲು ಹತ್ತಿದರೆ ಜಗಲಿ. ನಾಲ್ಕು ಕಂಬ, ಈಗ ಎರಡು. ಜಗಲಿ ಮೇಲೆ ಮರದ ಪಟ್ಟಿಯ ಜಾಲರಿ. ಕಿಟಕಿಗಳ ಮೇಲೆ ಚೂಪಾದ ಮರದ ಪುಟ್ಟ ಚಾವಣಿ. ಅದಕ್ಕೆ ಬೆಂಗಳೂರಲ್ಲಿ ಮಂಕಿ ಟಾಪ್ ಅಂತಾರೆ. ಮಳೆ ಬಿಸಿಲು ಕಿಟಕಿಗೆ ಹೊಡೆಯದೆ ಗಾಳಿ ಮಾತ್ರ ಬರುತ್ತದೆ. ಅಡಿಪಾಯ ಎತ್ತರ ಯಾಕೆ ಅಂತ ಕೇಳುತ್ತೀರಿ. ಥಂಡಿ ಏರಬಾರದು ಅಂತ ಒಂದು, ಇಲಿ ಹೆಗ್ಗಣ ಒಳಗೆ ಬರಬಾರದು ಅಂತ ಇನ್ನೊಂದು. ಎಂಟನೇ ವಯಸ್ಸಿನಲ್ಲಿ ತಂಗಿಯನ್ನು ಕಳೆದುಕೊಂಡವರು ಕಟ್ಟಿಸಿದ ಮನೆ ಇದು.

ಜಗಲಿ ದಾಟಿದರೆ ಹಜಾರ, ಆಮೇಲೆ ನಡುಮನೆ. ನಡುಮನೆಯ ಎರಡು ಕಡೆ ಕೋಣೆಗಳು. ಹಿಂದೆ ಊಟದ ಮನೆ, ಅಡುಗೆಮನೆ, ದೇವರ ಮನೆ. ಅದರಾಚೆ ತೆರೆದ ಅಂಗಳ, ಬಾವಿ, ಬಚ್ಚಲುಮನೆ. ಬಚ್ಚಲಿನಲ್ಲಿ ತಾಮ್ರದ ಹಂಡೆ ಹೂತ ಒಲೆ. ಅಲ್ಲಿನ ಗೋಡೆಯ ಮಸಿ ಇವತ್ತಿಗೂ ಹೋಗಿಲ್ಲ, ನಾವೂ ತಿಕ್ಕಿಲ್ಲ.

ಮುಂಭಾಗಕ್ಕೆ ಹೆಂಚು, ಹಿಂಭಾಗಕ್ಕೆ ಮದ್ರಾಸ್ ತಾರಸಿ. ತೇಗದ ತೊಲೆ ಹಾಕಿ, ತೊಲೆಯಿಂದ ತೊಲೆಗೆ ಸಣ್ಣ ಇಟ್ಟಿಗೆಗಳನ್ನು ನಿಲ್ಲಿಸಿ ಓರೆಯಾಗಿ ಜೋಡಿಸಿ, ಮೇಲೆ ಸುಣ್ಣದ ಕಾಂಕ್ರೀಟು ಹಾಕಿ ಬಡಿಯುತ್ತಿದ್ದರು. ಹೆಂಗಸರು ಸಾಲಾಗಿ ಕೂತು ಹಾಡು ಹೇಳುತ್ತಾ ಮರದ ಹಲಗೆಯಲ್ಲಿ ದಿನಗಟ್ಟಲೆ ಬಡಿದರು ಅಂತ ಮುತ್ತಜ್ಜಿ ಅಜ್ಜಿಗೆ ಹೇಳಿದ್ದರಂತೆ.

ಕೆಂಪು ನೆಲ ನೂರು ವರ್ಷ ಆದರೂ ಹೊಳೆಯುತ್ತಲ್ಲ, ಅದಕ್ಕೆ ಏನು ಹಾಕ್ತೀರಿ?

ಜಾಸ್ತಿ ಏನೂ ಇಲ್ಲ. ದಿನಾ ಒದ್ದೆ ಬಟ್ಟೆ. ತಿಂಗಳಿಗೆ ಒಂದು ಸಲ ಹಳೇ ಪಂಚೆಯ ತುಂಡಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸುವುದು. ಆಸಿಡ್ ಮಾತ್ರ ಹತ್ತಿರ ಸೇರಿಸಬೇಡಿ, ಒಂದೇ ಸಲಕ್ಕೆ ಹೊಳಪು ಹೋಗುತ್ತದೆ.

ಈ ನೆಲದ ಗುಟ್ಟು ಹಾಕುವಾಗಲೇ ಇದೆ. ಕೆಂಪು ಆಕ್ಸೈಡ್ ಪುಡಿಯನ್ನು ಸಿಮೆಂಟಿಗೆ ಬೆರೆಸಿ ತೆಳುವಾಗಿ ಎಳೆದು, ಅದು ಬಿಗಿಯುವ ಮೊದಲು ಕರಣೆಯಲ್ಲಿ ಮತ್ತೆ ಮತ್ತೆ ತಿಕ್ಕುತ್ತಾರೆ. ಆಮೇಲೆ ಒಂದು ವಾರ ನೀರು ನಿಲ್ಲಿಸುತ್ತಾರೆ. ಒಂದು ಕೋಣೆಯ ನೆಲವನ್ನು ಒಂದೇ ದಿನ ಮುಗಿಸಬೇಕು. ನಾಳೆಗೆ ಬಿಟ್ಟರೆ ಬಣ್ಣದ ಗೆರೆ ಬೀಳುತ್ತದೆ. ಕೈ ತಿಳಿದವರು ಈಗಲೂ ಇದ್ದಾರೆ, ಆದರೆ ಕಡಿಮೆ.

ನಡುಮನೆಯಲ್ಲಿ ಕಿಟಕಿಯ ಕೆಳಗೆ ಬಗ್ಗಿ ನೋಡಿ. ಬೆಕ್ಕಿನ ನಾಲ್ಕು ಹೆಜ್ಜೆ ಇವೆ. ನೆಲ ಹಸಿಯಿದ್ದಾಗ ಯಾವುದೋ ಬೆಕ್ಕು ಕಿಟಕಿಯಿಂದ ಹಾರಿ, ನಾಲ್ಕು ಹೆಜ್ಜೆ ಇಟ್ಟು, ತಿರುಗಿ ಹಾರಿ ಹೋಗಿದೆ. ಮೂರನೇ ಹೆಜ್ಜೆಯಲ್ಲಿ ಉಗುರಿನ ಗುರುತೂ ಇದೆ. ಮುತ್ತಾತ ಸರಿ ಮಾಡಿಸೋಣ ಅಂದಾಗ, "ಮನೆಗೆ ಮೊದಲು ಕಾಲಿಟ್ಟಿದ್ದು ಅದೇ, ಇರಲಿ ಬಿಡಿ" ಅಂತ ಮುತ್ತಜ್ಜಿ ತಡೆದರಂತೆ.

ಹಳೇ ಗೋಡೆಗೆ ಸಿಮೆಂಟು ಪ್ಲಾಸ್ಟರ್ ಮಾಡಿಸಬಹುದಾ? ನಮ್ಮದೂ ಹಳೇ ಮನೆ.

ದಯವಿಟ್ಟು ಬೇಡ. ನಾವು ಈ ತಪ್ಪು ಮಾಡಿ ಅನುಭವಿಸಿದ್ದೇವೆ. ನಮ್ಮ ಗೋಡೆ ಒಂದೂವರೆ ಅಡಿ ದಪ್ಪ. ಇಟ್ಟಿಗೆಗೆ ಸುಣ್ಣದ ಗಾರೆ. ಆ ಗಾರೆಯನ್ನು ಎತ್ತಿನ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ ಕೊಳೆಹಾಕುತ್ತಿದ್ದರು. ಇಂಥ ಗೋಡೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಥಂಡಿ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ.

1987ರಲ್ಲಿ ಊಟದ ಮನೆಯ ಗೋಡೆ ಉದುರುತ್ತಿದೆ ಅಂತ ಸಿಮೆಂಟು ಬಳಿಸಿದೆವು. ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ಬಣ್ಣ ಗುಳ್ಳೆ ಎದ್ದಿತು, ಬಿಳೀ ಉಪ್ಪು ಹೊರಗೆ ಬಂತು, ಕೊನೆಗೆ ಸಿಮೆಂಟಿನ ಪದರು ಹಲಗೆಯ ಹಾಗೆ ಕಳಚಿ ಬಿತ್ತು. ಜೊತೆಗೆ ಹಳೇ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬಂತು. ಒಳಗಿನ ನೀರಿಗೆ ಹೊರಗೆ ಬರಲು ದಾರಿಯಿಲ್ಲದ್ದೇ ಕಾರಣ. ಈಗ ಅದನ್ನೆಲ್ಲ ಕೆತ್ತಿಸಿ ಮತ್ತೆ ಸುಣ್ಣದ ಗಾರೆ ಮಾಡಿಸಿದ್ದೇವೆ. ಬಣ್ಣವೂ ಸುಣ್ಣದ್ದೇ. ಖರ್ಚು ಜಾಸ್ತಿ ಆಯಿತು, ಆದರೆ ಗೋಡೆ ಉಳಿಯಿತು.

ನೀರು, ಕರೆಂಟು ಯಾವಾಗ ಬಂತು?

ಊರಿಗೆ ಹೆಸರಘಟ್ಟದ ನೀರು ಬಂದದ್ದು 1890ರ ದಶಕದಲ್ಲಿ. ತಿಪ್ಪಗೊಂಡನಹಳ್ಳಿ ನೀರು 1933ರಲ್ಲಿ, ಕಾವೇರಿ 1974ರಲ್ಲಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಗಿ, 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳಿಗೆ ಬಂತು. ನಮ್ಮ ಮನೆಗೆ ಬಂದದ್ದು 1931ರಲ್ಲಿ. ಮೂರು ಬಲ್ಬು: ಹಜಾರಕ್ಕೊಂದು, ನಡುಮನೆಗೊಂದು, ದೇವರ ಮನೆಗೊಂದು. ಅಡುಗೆಮನೆಗೆ ಬಲ್ಬು ಬಂದದ್ದು ಹದಿನೈದು ವರ್ಷದ ಮೇಲೆ. ಅಲ್ಲಿಯವರೆಗೆ ಮುತ್ತಜ್ಜಿ, ಆಮೇಲೆ ಅಜ್ಜಿ ಬುಡ್ಡಿ ದೀಪದಲ್ಲೇ ಬೇಯಿಸಿದರು.

ಮನೆ ಹಿಂದಿನ ಗಲ್ಲಿ ಯಾಕೆ ಇದೆ? ಹಿತ್ತಿಲ ಗೋಡೆಯ ಆ ಸಣ್ಣ ಕಬ್ಬಿಣದ ಬಾಗಿಲು ಯಾತಕ್ಕೆ?

ಮಲ್ಲೇಶ್ವರದಲ್ಲಿ ಓಡಾಡಿದವರು ಈ ಗಲ್ಲಿಗಳನ್ನು ನೋಡಿರುತ್ತೀರಿ. ಕನ್ಸರ್ವೆನ್ಸಿ ಗಲ್ಲಿ ಅಂತ ಹೆಸರು. ಎರಡು ಸಾಲು ಮನೆಗಳ ಬೆನ್ನಿನ ನಡುವೆ ಹೋಗುತ್ತವೆ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ, ಕೆಲವು ಕಡೆ ಗೋಡೆಗೆ ಚಂದದ ಚಿತ್ರ ಬರೆದಿದ್ದಾರೆ.

ಅವು ಆದದ್ದು ಕಕ್ಕಸು ತೆಗೆಯುವವರು ಬರಲಿಕ್ಕೆ. ಆಗ ಒಳಚರಂಡಿ ಇರಲಿಲ್ಲ. ಕಕ್ಕಸು ಹಿತ್ತಿಲ ಕೊನೆಯಲ್ಲಿ, ಗಲ್ಲಿಯ ಗೋಡೆಗೆ ಅಂಟಿಕೊಂಡು ಇರುತ್ತಿತ್ತು. ಕೆಳಗೆ ಡಬ್ಬ. ಆ ಎರಡು ಅಡಿಯ ಬಾಗಿಲನ್ನು ಹೊರಗಿನಿಂದ ತೆಗೆದು, ಡಬ್ಬ ಎಳೆದು, ಕೈಯಿಂದ ಬಳಿದು, ತಲೆ ಮೇಲೆ ಹೊತ್ತುಕೊಂಡು ಹೋಗಬೇಕಿತ್ತು. ಮುಂದಿನ ರಸ್ತೆಗೆ ಅವರು ಬರುವ ಹಾಗಿಲ್ಲ. ಮನೆಯವರ ಕಣ್ಣಿಗೂ ಬೀಳುವ ಹಾಗಿಲ್ಲ. ಬಡಾವಣೆಯ ನಕ್ಷೆಯಲ್ಲೇ ಆ ಏರ್ಪಾಟು ಇತ್ತು.

ನಮ್ಮ ಮನೆಗೆ ಬರುತ್ತಿದ್ದವರು ಒಬ್ಬ ಹೆಂಗಸು. ಅಜ್ಜಿ ಬಂದ 1941ರಿಂದ ಕಕ್ಕಸು ಬದಲಾದ 1961ರವರೆಗೆ ಹೆಚ್ಚುಕಡಿಮೆ ಆಕೆಯೇ ಬಂದಿದ್ದಾರೆ. ಮಳೆಯಲ್ಲೂ ಬಂದಿದ್ದಾರೆ. ಹಬ್ಬದ ಮಾರನೇ ದಿನ ಗೋಡೆಯ ಮೇಲಿಂದ ಊಟ ಇಡುತ್ತಿದ್ದರು. ಇಪ್ಪತ್ತು ವರ್ಷ. ಆಕೆಯ ಹೆಸರೇನು ಅಂತ ನಾನು ಅಜ್ಜಿಯನ್ನು ಕೇಳಿದ್ದೆ. ಅಜ್ಜಿ ತುಂಬಾ ಹೊತ್ತು ಸುಮ್ನೆ ಕೂತರು. "ನಾವು ಕೇಳಲೇ ಇಲ್ಲ ಕಣೋ" ಅಂದರು. ಆ ಸಂಜೆ ಅವರು ಊಟ ಮಾಡಲಿಲ್ಲ.

ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದ ಸಚಿವ ಬಿ. ಬಸವಲಿಂಗಪ್ಪನವರು. ಅದರ ವಿರುದ್ಧ ಸಂಸತ್ತಿನ ಕಾಯ್ದೆ ಬಂದದ್ದು 1993ರಲ್ಲಿ. ಆ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿಬಿಡೋಣ, ಚೆನ್ನಾಗಿ ಕಾಣುವುದಿಲ್ಲ ಅಂತ ಮನೆಯಲ್ಲಿ ಮಾತು ಬಂದಿತ್ತು. ನಾನು ಒಪ್ಪಲಿಲ್ಲ. ವರ್ಷಕ್ಕೊಮ್ಮೆ ಅದಕ್ಕೂ ಬಣ್ಣ ಹೊಡೆಸುತ್ತೇವೆ, ಕೀಲಿಗೆ ಎಣ್ಣೆ ಬಿಡುತ್ತೇವೆ. ಮನೆ ನೋಡಲು ಬಂದವರನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಹಿತ್ತಿಲ ಔಟ್‌ಹೌಸ್‌ನಲ್ಲಿ ಯಾರಿದ್ದರು?

ಒಬ್ಬರಾದ ಮೇಲೆ ಒಬ್ಬರು. ಊರಿಂದ ಓದಲು ಬಂದ ನೆಂಟರ ಹುಡುಗರು, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಕೆಲಸಕ್ಕಿದ್ದ ಒಬ್ಬರು, ಒಬ್ಬ ಪಿಟೀಲು ಮೇಷ್ಟ್ರು. ನಮ್ಮ ಅತ್ತೆಯರೆಲ್ಲ ಸಂಗೀತ ಕಲಿತದ್ದು ಆ ಮೇಷ್ಟ್ರ ಹತ್ತಿರ. ಬಾಡಿಗೆಯ ಬದಲು ಪಾಠ.

ನಮ್ಮ ಮನೆಯ ಇತಿಹಾಸ ನಾವೂ ಹುಡುಕಬೇಕು. ಎಲ್ಲಿಂದ ಶುರು ಮಾಡೋದು?

ಮನೆಯಲ್ಲಿರುವ ಹಿರಿಯರಿಂದ. ಕಾಗದ ಇನ್ನೂ ಹತ್ತು ವರ್ಷ ಇರುತ್ತದೆ, ಅವರು ಇರುತ್ತಾರೋ ಇಲ್ಲವೋ. ಸುಮ್ನೆ "ಹಳೇ ಕಾಲದ ಬಗ್ಗೆ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. ಕೈಗೆ ಒಂದು ವಸ್ತು ಕೊಡಿ. ಬಾಗಿಲ ಚಿಲಕ ತೋರಿಸಿ. "ಈ ಒರಳುಕಲ್ಲು ಮೊದಲು ಎಲ್ಲಿತ್ತು" ಅಂತ ಕೇಳಿ. ಮಾತು ತಾನಾಗಿ ಬರುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮುಖ್ಯವಾಗಿ ಹೆಂಗಸರನ್ನು ಕೇಳಿ. ನಮ್ಮ ಮನೆಯಲ್ಲಿ ಗಂಡಸರಿಗೆ ಗೊತ್ತಿದ್ದದ್ದು ಕೋರ್ಟು, ಕಂದಾಯ. ಮಿಕ್ಕಿದ್ದೆಲ್ಲ ಅಡುಗೆಮನೆಯಲ್ಲೇ ಸಿಕ್ಕಿತು.

ಆಮೇಲೆ ಕಾಗದ. ಮೊದಲು ಮೂಲಪತ್ರ, ಅಂದರೆ ತಾಯಿ ಪತ್ರ ಹುಡುಕಿ. ಅದಾದ ಮೇಲೆ ವಿಭಾಗ ಪತ್ರ, ವಿಲ್, ದಾನಪತ್ರ, ಖಾತೆ, ಕಂದಾಯದ ರಸೀತಿ. ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿದರೆ ಯಾರಿಂದ ಯಾರಿಗೆ ಹೋಯಿತು, ಯಾವಾಗ ಅಡವಿಟ್ಟರು ಅನ್ನುವುದು ಸಾಲಾಗಿ ಸಿಗುತ್ತದೆ. 2004ರ ಏಪ್ರಿಲ್ ನಂತರದ್ದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಕಚೇರಿಗೇ ಹೋಗಬೇಕಾಗಬಹುದು. ಒಂದು ಕಚೇರಿಯಲ್ಲಿ ನಮ್ಮ ಅರ್ಜಿ ಮೂರು ಸಲ ಕಳೆದುಹೋಯಿತು. ನಾಲ್ಕನೇ ಸಲ ಸಿಕ್ಕಿತು. ಬೇಜಾರು ಮಾಡಿಕೊಳ್ಳದೆ ಹೋಗುತ್ತಿರಿ.

ಹಳೇ ಪತ್ರಗಳಲ್ಲಿ ಇಸವಿಯ ಬದಲು ಸಂವತ್ಸರ ಇರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಅರವತ್ತರಲ್ಲಿ ಮೊದಲನೆಯದಾದ ಪ್ರಭವ 1927ರಲ್ಲಿ, ಮತ್ತೆ 1987ರಲ್ಲಿ ಶುರುವಾಯಿತು. ಅಲ್ಲಿಂದ ಎಣಿಸಿಕೊಳ್ಳಿ. ಒಂದು ಎಚ್ಚರಿಕೆ: ಸಂವತ್ಸರ ಯುಗಾದಿಗೆ ಬದಲಾಗುತ್ತದೆ, ಜನವರಿಗೆ ಅಲ್ಲ. ನಮ್ಮ ಕ್ರಯಪತ್ರ ಸಿದ್ಧಾರ್ಥಿ ಸಂವತ್ಸರದ ಮಾಘ ಮಾಸದ್ದು. ಸಿದ್ಧಾರ್ಥಿ ಅಂದರೆ 1919 ಅಂತ ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೆವು. ಆದರೆ ಮಾಘ ಬರುವ ಹೊತ್ತಿಗೆ ಮುಂದಿನ ಜನವರಿ ಬಂದಿರುತ್ತದೆ. ಅದು 1920ರ ಆರಂಭ.

ಪತ್ರದ ಕೊನೆಯ "ಚಕ್ಕುಬಂದಿ" ಬಿಟ್ಟುಬಿಡಬೇಡಿ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ ಅಂತ ಅಲ್ಲಿ ಬರೆದಿರುತ್ತಾರೆ. ನಮ್ಮದರಲ್ಲಿ "ಉತ್ತರಕ್ಕೆ ಖಾಲಿ ನಿವೇಶನ, ಹುಣಸೇಮರ" ಅಂತ ಇದೆ. ಆ ಮರ ಈಗ ಇಲ್ಲ. ಆದರೆ ಅಜ್ಜಿ ಅದರ ಹುಣಸೆಕಾಯಿ ಆರಿಸಿದ್ದರು.

ಉಳಿದರ್ಧವನ್ನೂ ಮಾರ್ತೀರಾ?

ದಲ್ಲಾಳಿಗಳು ತಿಂಗಳಿಗೊಮ್ಮೆ ಕೇಳುತ್ತಾರೆ. ನೆಂಟರೂ ಕೇಳುತ್ತಾರೆ. ಸದ್ಯ ಇಲ್ಲ. ಮಾರಿದವರ ಮೇಲೆ ನನಗೆ ಸಿಟ್ಟೂ ಇಲ್ಲ. ಚಿಕ್ಕತಾತನ ಮನೆಯಲ್ಲಿ ಆಗ ಕಾಯಿಲೆ, ಸಾಲ, ಎರಡು ಮದುವೆ ಇತ್ತು. ಮನೆ ಅವರನ್ನು ಕಾಪಾಡಿತು. ಈ ಸಲ ನಾವು ಖಾತೆಗೆ ನನ್ನ ಹೆಸರು, ಅಕ್ಕನ ಹೆಸರು ಎರಡೂ ಸೇರಿಸಿದ್ದೇವೆ. ಏನೇ ಮಾಡುವುದಿದ್ದರೂ ಇಬ್ಬರ ರುಜು ಬೇಕು.

ಒಳಗೆ ಬಂದು ನೋಡಬಹುದಾ?

ಖಂಡಿತ ಬನ್ನಿ. ಭಾನುವಾರ ಬೆಳಗ್ಗೆ ಹತ್ತರ ಮೇಲೆ ಇರುತ್ತೇವೆ. ಮಕ್ಕಳನ್ನು ಕರೆತನ್ನಿ, ಬೆಕ್ಕಿನ ಹೆಜ್ಜೆ ಹುಡುಕಲಿ.

ನೆಂಟರಲ್ಲಿ ಒಂದು ಕೋರಿಕೆ. ಮುತ್ತಾತನ ಫೋಟೋ ಹಜಾರದಲ್ಲಿದೆ. ಮುತ್ತಜ್ಜಿಯದು ಒಂದೂ ಇಲ್ಲ. 1941ರ ಮದುವೆಯ ಗುಂಪು ಫೋಟೋದಲ್ಲಿ ಎಡಗಡೆ ಕೊನೆಯಲ್ಲಿ ನಿಂತಿದ್ದಾರೆ, ಆದರೆ ಮುಂದಿನವರ ಪೇಟ ಅಡ್ಡ ಬಂದು ಅರ್ಧ ಮುಖ ಮಾತ್ರ ಕಾಣುತ್ತದೆ. ಒಂದು ಕಿವಿ ಕಾಣುತ್ತದೆ, ಓಲೆ ಇಲ್ಲ. ಅದೇ ದಿನ ಆ ಚಪ್ಪರದಲ್ಲಿ ಬೇರೆ ಫೋಟೋಗಳನ್ನೂ ತೆಗೆದಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ತಾತನ ಅಕ್ಕಂದಿರ ಮನೆ ಕಡೆಯವರು, ಚಿಕ್ಕತಾತನ ಕಡೆಯವರು ಒಂದು ಸಲ ನಿಮ್ಮ ಹಳೇ ಟ್ರಂಕು, ಆಲ್ಬಂ ತೆಗೆದು ನೋಡಿ. ಸಿಕ್ಕರೆ ಫೋನಿನಲ್ಲೇ ಒಂದು ಚಿತ್ರ ತೆಗೆದು ಕಳಿಸಿ. ಹಜಾರದಲ್ಲಿ ಮುತ್ತಾತನ ಪಕ್ಕಕ್ಕೆ ಮೊಳೆ ಹೊಡೆದು ಇಟ್ಟಿದ್ದೇವೆ.